ಆರೋಗ್ಯ ಪ್ರಶ್ನೋತ್ತರ: ಬದನೆಕಾಯಿ ಬಿಟ್ಟರೆ ಇಸುಬು ಹೋಗುವುದೇ?

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಮೊಣಕೈ, ಮೊಣಕಾಲಿನ ಸಂದಿಯಲ್ಲಿ ಇಸುಬು. ಡಿಸೆಂಬರ್ ಬಂತೆಂದರೆ ರಾತ್ರಿಯಿಡೀ ಕೆರೆದುಕೊಳ್ಳುತ್ತಾಳೆ. ನಂಜೆಂದು ನಮ್ಮತ್ತೆ ಬದನೆಕಾಯಿ, ಮೊಟ್ಟೆ, ಹಾಲು ಎಲ್ಲ ಬಿಡಿಸಿದ್ದಾರೆ. ಕಡಿಮೆಯಾಗಿಲ್ಲ.
– ಗೃಹಿಣಿ, ರಾಮಕೃಷ್ಣನಗರ

ಉತ್ತರ: ಕಡಿಮೆಯಾಗುವುದೂ ಇಲ್ಲ, ತಾಯಿ. ಅತ್ತೆಯವರ ಕಾಳಜಿ ದೊಡ್ಡದು. ಆದರೆ ಬೆಳೆಯುವ ಮಗುವಿಗೆ ಹಾಲು, ಮೊಟ್ಟೆ ತಪ್ಪಿಸುವುದು ತಪ್ಪು. ಇಂಥ ಪಥ್ಯದಲ್ಲಿ ಸೊರಗಿದ ಮಕ್ಕಳನ್ನು ನೋಡಿ ನೋಡಿ ಬೇಸತ್ತಿದ್ದೇನೆ. ಒಂದು ಪದಾರ್ಥ ತಿಂದ ಎರಡು ಗಂಟೆಯೊಳಗೆ ದದ್ದು, ತುಟಿ ಊತ, ವಾಂತಿ ಆಗಿದ್ದರೆ ಅದೊಂದನ್ನು ನಿಲ್ಲಿಸಿ ಅಲರ್ಜಿ ಪರೀಕ್ಷೆ ಮಾಡಿಸಿ. ಹಾಗೇನೂ ಆಗಿಲ್ಲದಿದ್ದರೆ ನಾಳೆಯಿಂದಲೇ ಎಲ್ಲ ಕೊಡಿ.

ತೊಂದರೆ ಇರುವುದು ಬಚ್ಚಲುಮನೆಯಲ್ಲಿ. ಹಬೆಯಾಡುವ ನೀರು ಸುರಿದು, ಕಡಲೆಹಿಟ್ಟು ಹಾಕಿ ಉಜ್ಜಿದರೆ, ಚಳಿಗೆ ಮೊದಲೇ ಒಣಗಿದ ಚರ್ಮದಲ್ಲಿ ಉಳಿದ ಜಿಡ್ಡೂ ಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಸ್ನಾನ ಮುಗಿಸಿ. ಟವೆಲಿನಿಂದ ಒತ್ತಿ ಒರೆಸಿ, ಮೈ ಪಸೆಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಇಸುಬು ಇಳಿದ ಮೇಲೂ ದಿನಕ್ಕೆರಡು ಸಲ ಹಚ್ಚಬೇಕು. ಎಲ್ಲರೂ ಸೋಲುವುದು ಇಲ್ಲೇ. ಸ್ವೆಟರಿನ ಒಳಗೆ ಹತ್ತಿಯಂಗಿ ಇರಲಿ. ಹಳದಿ ನೀರು ಸೋರಿ ಹಕ್ಕಳೆ ಕಟ್ಟಿದರೆ ಸೋಂಕೆಂದು ತಿಳಿದು ವೈದ್ಯರಿಗೆ ತೋರಿಸಿ. ಜ್ವರ ಬಂದು, ಒಂದೇ ಅಳತೆಯ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಧೈರ್ಯವಾಗಿರಿ, ಅನೇಕ ಮಕ್ಕಳಿಗೆ ಬೆಳೆಯುತ್ತ ಇದು ಇಳಿಯುತ್ತದೆ.

ಪ್ರಶ್ನೆ: ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ಮತ್ತೆ ಬರುತ್ತದೆ. ಹಚ್ಚುತ್ತಲೇ ಇರಬಹುದೇ?
– ವಿದ್ಯಾರ್ಥಿ, ಕುವೆಂಪುನಗರ

ಉತ್ತರ: ಬೇಡ. ಅದರಲ್ಲಿ ಸ್ಟೆರಾಯ್ಡ್ ಇರಬೇಕು. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧವೇ. ನೀವಾಗಿ ಹಚ್ಚುತ್ತ ಹೋದರೆ ಚರ್ಮ ತೆಳುವಾಗುತ್ತದೆ. ನಿಮ್ಮದು ಹುಳುಕಡ್ಡಿಯಾಗಿದ್ದರಂತೂ ಒಳಗೊಳಗೇ ಹರಡುತ್ತದೆ. ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ಹೇಳಿದೆ. ಮೊದಲು ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನನಗೆ 61 ವರ್ಷ. ಮಳೆಗಾಲದಿಂದ ರೆಪ್ಪೆ, ಕತ್ತು, ಮೊಣಕೈ ಸಂದಿಯಲ್ಲಿ ಉರಿ, ತುರಿಕೆ. ಹಿಂದೆಂದೂ ಇರಲಿಲ್ಲ. ಬೆಳಗಿನ ವಾಕಿಂಗ್ ತಪ್ಪಿಸುವುದಿಲ್ಲ.
– ನಿವೃತ್ತ ಶಿಕ್ಷಕರು, ರಾಮಕೃಷ್ಣನಗರ

ಉತ್ತರ: ನೀವು ವಾಕಿಂಗ್ ಹೋಗುವ ದಾರಿಯ ಖಾಲಿ ಸೈಟುಗಳಲ್ಲಿ ಬಿಳಿ ಹೂ ಬಿಟ್ಟ ಕಾಂಗ್ರೆಸ್ ಗಿಡ ಇದೆಯೇ ನೋಡಿ. ಮುಟ್ಟಲೇಬೇಕೆಂದಿಲ್ಲ, ಗಾಳಿಯಲ್ಲಿ ತೇಲಿಬರುವ ಅದರ ಪುಡಿಯೇ ಸಾಕು. ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ, ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ. ಅಷ್ಟು ಹೊತ್ತು ಬೆನ್ನು ನೆನೆಸಬಾರದು. ಅಲ್ಲಿಯವರೆಗೆ ದಾರಿ ಬದಲಿಸಿ, ಮನೆಗೆ ಬಂದೊಡನೆ ಮುಖ ಕೈ ತೊಳೆದು ಬಟ್ಟೆ ಬದಲಿಸಿ.

ಅರವತ್ತರ ಮೇಲೆ ಹೊಸದಾಗಿ ಬಂದ ತುರಿಕೆಯನ್ನು ಗಿಡದ ತಲೆಗೆ ಕಟ್ಟಿ ಸುಮ್ಮನಾಗಲು ನಾನು ಒಪ್ಪುವುದಿಲ್ಲ. ಸಕ್ಕರೆ, ಥೈರಾಯ್ಡ್, ಕಿಡ್ನಿ, ಲಿವರ್ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ. ತೂಕ ಇಳಿದಿದೆಯೇ ಎಂಬುದನ್ನು ನೀವು ಬರೆದಿಲ್ಲ; ಇಳಿದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.