ಬಾಲ್ಯದ ಸಿನಿಮಾ ಭಯ ಇನ್ನೂ ಬಿಟ್ಟಿಲ್ಲ

ಪ್ರಶ್ನೆ: ನನಗೆ 53 ವರ್ಷ. ಚಿಕ್ಕವಳಿದ್ದಾಗ ಟೆಂಟ್‌ನಲ್ಲಿ ‘ನಾ ನಿನ್ನ ಬಿಡಲಾರೆ’ ನೋಡಿ ಹೆದರಿದ್ದೆ. ಟಿವಿಯಲ್ಲಿ ಬಂದರೆ ಈಗಲೂ ಎದ್ದು ಹೋಗುತ್ತೇನೆ. ಮಗಳ ಮದುವೆಯಾದ ಮೇಲೆ ಒಬ್ಬಳೇ ಇದ್ದೇನೆ. ದೀಪ ಆರಿಸಿದರೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಎದ್ದು ಹೋದಾಗಲೆಲ್ಲ ತಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೇ ಭಯವನ್ನು ಉಳಿಸಿದೆ. ಹೀಗೆ ಮಾಡಿ:

1. ಹಗಲಲ್ಲಿ, ಮಗಳು ಬಂದಾಗ, 1979ರ ಆ ಚಿತ್ರವನ್ನು ಸದ್ದಿಲ್ಲದೆ ಐದು ನಿಮಿಷ ನೋಡಿ. ಅನಂತನಾಗ್ ಅವರ ಕಣ್ಣು, ಮೇಕಪ್, ಬೆಳಕನ್ನು ಗಮನಿಸಿ.
2. ಎದೆ ಹೊಡೆದುಕೊಂಡರೂ ಏಳಬೇಡಿ. ಅದು ಇಳಿಯುವವರೆಗೆ ಕುಳಿತಿರಿ. ಅದೇ ದೃಶ್ಯವನ್ನು ಮತ್ತೆ ಮತ್ತೆ ನೋಡಿ, ಆಮೇಲೆ ಸದ್ದು ಸೇರಿಸಿ.
3. ದೊಡ್ಡ ದೀಪದ ಬದಲು ಜೀರೋ ಬಲ್ಬ್ ಹಾಕಿ. ಕೆಲವು ದಿನಗಳ ನಂತರ ಅದನ್ನು ಪಕ್ಕದ ಕೋಣೆಗೆ ಸರಿಸಿ.

ನಿದ್ರೆ ಮಾತ್ರೆಯನ್ನು ನೀವಾಗಿಯೇ ನುಂಗಬೇಡಿ. ಒಂದು ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ, ಬೆಚ್ಚಿಬೀಳುವುದು ಹೆಚ್ಚಾದರೆ ಅಥವಾ ಮನಸ್ಸು ಸದಾ ಕುಗ್ಗಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಒಬ್ಬರೇ ಇದ್ದೀರಿ, ಇದನ್ನು ಮಗಳಿಗೂ ಇವತ್ತೇ ಹೇಳಿ.