ಗೂಡಿನ ಫೋಟೊಗೆ ಮುನ್ನ

ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ ಸಕಲೇಶಪುರ, ಆಲೂರು ಕಡೆಯ ಹಿತ್ತಿಲುಗಳಲ್ಲಿ ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿಗಳ ಸಂಸಾರ ಕಾಣುತ್ತದೆ. ದಾಸವಾಳದ ಗಿಡದಲ್ಲಿ ಗೂಡು ಕಂಡ ಕೂಡಲೇ ನೀವು ಮೊಬೈಲ್ ಹಿಡಿದು ಹತ್ತಿರ ಹೋಗುತ್ತೀರಿ. ಎಡವುವುದು ಅಲ್ಲೇ.

ಚಿತ್ರ ಚೆನ್ನಾಗಿ ಬರಲೆಂದು ಅಡ್ಡ ಬಂದ ಎಲೆ-ರೆಂಬೆ ಕತ್ತರಿಸಬೇಡಿ. ಆ ಎಲೆಗಳೇ ಮರಿಗಳಿಗೆ ನೆರಳು, ಮರೆ. ಅವು ಹೋದರೆ ಕಾಗೆ, ಕೆಂಬೂತ, ಕೆರೆಹಾವಿಗೆ ಗೂಡು ಎದ್ದು ಕಾಣುತ್ತದೆ. ತಾಯಿಹಕ್ಕಿ ಗಾಬರಿಯಿಂದ ಕೂಗುತ್ತಿದ್ದರೆ, ಗುಟುಕು ಕಚ್ಚಿಕೊಂಡು ಗೂಡಿಗೆ ಇಳಿಯದೆ ಕೂತಿದ್ದರೆ, ನೀವು ತೀರಾ ಹತ್ತಿರ ಬಂದಿದ್ದೀರಿ ಎಂದೇ ಅರ್ಥ. ತಕ್ಷಣ ಹಿಂದೆ ಸರಿಯಿರಿ. ಫ್ಲಾಶ್ ಬೇಡ, ಡ್ರೋನ್ ಬೇಡ. ಮಳೆ ಸುರಿಯುವಾಗ, ಬಿಸಿಲು ಸುಡುವಾಗ ತಾಯಿಯನ್ನು ಎಬ್ಬಿಸಲೇಬೇಡಿ. ರೆಕ್ಕೆ ಬಲಿಯುತ್ತಿರುವ ಮರಿಗಳು ಬೆದರಿ ಹೊತ್ತಿಗೆ ಮುಂಚೆಯೇ ಹಾರಿ ಕೆಳಗೆ ಬೀಳುತ್ತವೆ.

ಪುಕ್ಕ ಮೂಡದ ಮರಿ ಬಿದ್ದಿದ್ದರೆ ಮೆಲ್ಲಗೆ ಗೂಡಿನಲ್ಲೇ ಇಟ್ಟುಬಿಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ. ಗೂಡಿರುವ ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಜನ ಮುತ್ತುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಗೂಡು, ಮೊಟ್ಟೆ ಕೆದಕುವುದನ್ನೂ ಬೇಟೆಯೆಂದೇ ಎಣಿಸುತ್ತದೆ.

ಪಿಕಳಾರದ ಮರಿಗಳು ಮೊಟ್ಟೆಯೊಡೆದ ಎರಡು ವಾರದೊಳಗೆ ಗೂಡು ಬಿಡುತ್ತವೆ. ಅಷ್ಟು ದಿನ ಕಿಟಕಿಯ ಹಿಂದೆ ನಿಂತು ನೋಡಿ, ಬೇಕಿದ್ದರೆ ಅಲ್ಲಿಂದಲೇ ಜೂಮ್ ಮಾಡಿ. ಮರಿಗಳು ಉಳಿದರೆ ಚಿತ್ರ ಇನ್ನೊಮ್ಮೆ ಸಿಕ್ಕೀತು.