ಒಗಟು, ಕೀಲಿ ಮತ್ತು ನಿಸ್ತಂತು ಸಂದೇಶ

2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯಕ್ಕೆ ನೆಲೆಯಾದ ನಮ್ಮ ಗೊಟಗೋಡಿಯ ಪರಿಸರದವರಿಗೆ ಒಗಟು ಹೊಸತಲ್ಲ. ಒಗಟಿನ ಉತ್ತರ ಒಮ್ಮೆ ಬಯಲಾದರೆ ಅದರ ಗುಟ್ಟು ಮುಗಿಯಿತು. ಆಧುನಿಕ ಗೂಢಲಿಪಿಯಾದರೋ ಹಾಗಲ್ಲ. ಅದರ ವಿಧಾನ ಜಗತ್ತಿಗೆಲ್ಲ ತಿಳಿದಿರಬಹುದು. ಕೀಲಿಯೊಂದು ಮಾತ್ರ ಗುಪ್ತವಾಗಿರಬೇಕು. ಈ ತತ್ತ್ವವನ್ನು 1883ರಲ್ಲಿ ಆಗಸ್ಟ್ ಕೆರ್ಕಹಾಫ್ಸ್ ಎಂಬ ಭಾಷಾಪಂಡಿತರು ಪ್ರತಿಪಾದಿಸಿದರು.

ಇಂದು ಈ ಮಾತು ನಮ್ಮ ನೀರಿನ ತೊಟ್ಟಿಗಳವರೆಗೂ ಬಂದಿದೆ. ನೀರಿನ ಮಟ್ಟ, ಹೊಲದ ತೇವ ಮುಂತಾದವನ್ನು ಅಳೆದು ತಂತಿಯಿಲ್ಲದೆ ತಿಳಿಸುವ ಸಣ್ಣ ಉಪಕರಣಗಳು ಬಳಕೆಗೆ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಆವರಣದ ನೀರು ಪೂರೈಕೆಯನ್ನು ಇಂತಹ ಉಪಕರಣಗಳಿಂದ ಗಮನಿಸುವ ಪ್ರಯೋಗ ನಡೆಸಿದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗಿನ ರೇಡಿಯೋ ಅಲೆಗಳನ್ನು ಅಲ್ಪಶಕ್ತಿಯ ಉಪಕರಣಗಳು ಪ್ರತ್ಯೇಕ ಪರವಾನಗಿಯಿಲ್ಲದೆ ಬಳಸಬಹುದು. ಆದರೆ ಗಾಳಿಯಲ್ಲಿ ಸಾಗುವ ಮಾತನ್ನು ಯಾರಾದರೂ ಆಲಿಸಬಹುದು. ಸುಳ್ಳು ಸಂದೇಶವನ್ನೂ ಕಳುಹಿಸಬಹುದು. ಬರಿದಾದ ತೊಟ್ಟಿ ತುಂಬಿದೆಯೆಂಬ ಸುಳ್ಳನ್ನು ಯಂತ್ರ ನಂಬಿದರೆ ಪಂಪು ನಿಂತೇ ಇರುತ್ತದೆ, ಊರಿಗೆ ನೀರಿಲ್ಲ.

ಇದನ್ನು ತಡೆಯಲು ಲೋರಾವಾನ್ ಎಂಬ ಪದ್ಧತಿಯಲ್ಲಿ 128 ಬಿಟ್‌ಗಳ ಕೀಲಿಯುಳ್ಳ ಎಇಎಸ್ ಗೂಢಲಿಪಿಯನ್ನು ಬಳಸುತ್ತಾರೆ. ಬೆಲ್ಜಿಯಂ ದೇಶದ ಇಬ್ಬರು ವಿದ್ವಾಂಸರು ರೂಪಿಸಿದ ಈ ವಿಧಾನವನ್ನು ಅಮೆರಿಕವು 2001ರಲ್ಲಿ ಮಾನಕವಾಗಿ ಅಂಗೀಕರಿಸಿತು. ಇದನ್ನು ನೇರವಾಗಿ ಭೇದಿಸುವ ಕಾರ್ಯಸಾಧ್ಯ ಉಪಾಯ ಇದುವರೆಗೆ ದೊರೆತಿಲ್ಲ. ಹಾಗಾದರೆ ದೌರ್ಬಲ್ಯವೆಲ್ಲಿ? ಕೀಲಿಯನ್ನು ಕಾಯುವಲ್ಲಿ.

ಮೊದಲನೆಯದಾಗಿ, ಎಲ್ಲ ಉಪಕರಣಗಳಿಗೂ ಒಂದೇ ಕೀಲಿಯಿಟ್ಟರೆ ಒಂದು ಕಳುವಾದಾಗ ಎಲ್ಲವೂ ಕಳುವಾದಂತೆ. ಆದುದರಿಂದ ಪ್ರತಿಯೊಂದಕ್ಕೂ ಬೇರೆ ಕೀಲಿ ಬೇಕು. ಎರಡನೆಯದಾಗಿ, ಪ್ರತಿ ಸಂದೇಶಕ್ಕೂ ಏರುತ್ತ ಹೋಗುವ ಕ್ರಮಸಂಖ್ಯೆಯಿರುತ್ತದೆ. ಕೀಲಿ ಬದಲಾಗದೆ ಈ ಸಂಖ್ಯೆ ಮಾತ್ರ ಸೊನ್ನೆಗೆ ಮರಳಿದರೆ, ಎರಡು ಸಂದೇಶಗಳಿಗೆ ಒಂದೇ ಮುಸುಕು ಹೊದಿಸಿದಂತಾಗುತ್ತದೆ. ಅವನ್ನು ಹೋಲಿಸಿದವನಿಗೆ ಒಳಗಿನ ಮಾತಿನ ಸುಳಿವು ಸಿಗುತ್ತದೆ. ಉಪಕರಣವು ಜಾಲವನ್ನು ಸೇರುವಾಗಲೆಲ್ಲ ಹೊಸ ಕೀಲಿಯನ್ನು ಪಡೆಯುವುದೇ ಇದಕ್ಕೆ ಪರಿಹಾರ.

ಮೂರನೆಯದು ಶಕ್ತಿಯ ಮಿತವ್ಯಯ. ಸಣ್ಣ ಬ್ಯಾಟರಿಯ ಮೇಲೆ ವರ್ಷಗಟ್ಟಲೆ ಬಾಳಬೇಕಾದ ಉಪಕರಣಕ್ಕೆ ಭಾರವಾದ ಲೆಕ್ಕಾಚಾರ ಒಗ್ಗದು. ಅಮೆರಿಕದ ಮಾನಕ ಸಂಸ್ಥೆಯು 2023ರಲ್ಲಿ ಇದಕ್ಕಾಗಿಯೇ ಆಸ್ಕಾನ್ ಎಂಬ ಹಗುರ ವಿಧಾನವನ್ನು ಆಯ್ದು, 2025ರಲ್ಲಿ ಮಾನಕವಾಗಿ ಪ್ರಕಟಿಸಿತು. ಅದು ಸಂದೇಶದ ಗೋಪ್ಯವನ್ನೂ ನೈಜತೆಯನ್ನೂ ಒಟ್ಟಿಗೆ ಕಾಪಾಡುತ್ತದೆ.

ಶಾಲೆಗೆ, ಊರಿಗೆ ಇಂತಹ ಸಾಧನಗಳನ್ನು ಒದಗಿಸುವ ದಾನಿಗಳೂ ಅವುಗಳ ಮರ್ಮವನ್ನು ಬೋಧಿಸುವ ಶಿಕ್ಷಕರೂ ಬೆಲೆಯನ್ನು ವಿಚಾರಿಸುವಾಗಲೇ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳಿತು: ಇದರ ಕೀಲಿ ಯಾರ ಕೈಯಲ್ಲಿದೆ?